300 ವ್ಯಾಟ್ ಕಾರ್ಡ್‌ಗಳ ಬಿಸಿ ಮತ್ತು ಸದ್ದು: 5070 ಟಿಐ, 9070 ಎಕ್ಸ್‌ಟಿ ಕೂಲರ್‌ಗಳ ತುಲನೆ

ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಹೊರಟವರ ಮೊದಲ ಪ್ರಶ್ನೆ ಸಾಮಾನ್ಯವಾಗಿ "ಅಸೂಸ್ ಒಳ್ಳೆಯದೋ, ಎಂಎಸ್‌ಐ ಒಳ್ಳೆಯದೋ, ಗಿಗಾಬೈಟ್ ಬಿಸಿಯಾಗುತ್ತದಂತೆ ಹೌದಾ?" ಎಂದಿರುತ್ತದೆ. ಈ ಪ್ರಶ್ನೆಗೆ ಸರಿಯಾದ ಉತ್ತರವೇ ಇಲ್ಲ. ಅಸೂಸ್‌ನ ಪ್ರೈಮ್ ಮತ್ತು ಟಫ್ ಮಾದರಿಗಳ ನಡುವಿನ ಅಂತರ ಅಸೂಸ್ ಮತ್ತು ಎಂಎಸ್‌ಐ ನಡುವಿನ ಅಂತರಕ್ಕಿಂತ ದೊಡ್ಡದು. ಎಂಎಸ್‌ಐನಲ್ಲಿ ಶ್ಯಾಡೋ, ವೆಂಟಸ್, ಗೇಮಿಂಗ್ ಟ್ರಯೋ, ವ್ಯಾನ್‌ಗಾರ್ಡ್ ಎಂಬ ಮೆಟ್ಟಿಲುಗಳಿವೆ. ಗಿಗಾಬೈಟ್‌ನಲ್ಲಿ ವಿಂಡ್‌ಫೋರ್ಸ್, ಈಗಲ್, ಗೇಮಿಂಗ್ ಓಸಿ, ಆರಸ್ ಇವೆ. ಡಬ್ಬಿಯ ಮೇಲಿನ ಕಂಪನಿಯ ಹೆಸರು ಹೇಳದ ವಿಷಯವನ್ನು ಹೀಟ್‌ಸಿಂಕ್‌ನ (ಚಿಪ್‌ನ ಬಿಸಿ ಹೀರುವ ಲೋಹದ ರೆಕ್ಕೆಗಳ ಗಟ್ಟಿಯ) ದಪ್ಪ ಹೇಳುತ್ತದೆ.

ಇದನ್ನು ನೋಡಲು ಎರಡು ಚಿಪ್‌ಗಳು ಹೇಳಿ ಮಾಡಿಸಿದಂತಿವೆ. 2025ರ ಫೆಬ್ರವರಿ 20ರಂದು ಬಂದ ಎನ್‌ವಿಡಿಯಾದ ಆರ್‌ಟಿಎಕ್ಸ್ 5070 ಟಿಐ 300 ವ್ಯಾಟ್‌ನದು. ಮಾರ್ಚ್ 6ರಂದು ಬಂದ ಎಎಂಡಿಯ ಆರ್‌ಎಕ್ಸ್ 9070 ಎಕ್ಸ್‌ಟಿ 304 ವ್ಯಾಟ್‌ನದು. ಎರಡರಲ್ಲೂ 16 ಜಿಬಿ ಮೆಮೊರಿ. ಒಂದರ ಚಿಪ್ 378 ಚದರ ಮಿ.ಮೀ., ಇನ್ನೊಂದರದು ಸುಮಾರು 357. ಇನ್ನೂ ಮುಖ್ಯವಾದದ್ದೆಂದರೆ ಈ ಎರಡಕ್ಕೂ ಎನ್‌ವಿಡಿಯಾ, ಎಎಂಡಿ ತಮ್ಮದೇ ಕಾರ್ಡ್ ತರಲಿಲ್ಲ. ಅಂಗಡಿಯಲ್ಲಿರುವುದೆಲ್ಲ ಅಸೂಸ್, ಎಂಎಸ್‌ಐ, ಗಿಗಾಬೈಟ್‌ನಂಥ ಪಾಲುದಾರ ಕಂಪನಿಗಳ ಕೂಲರ್. ಶಾಖ ಹೆಚ್ಚುಕಡಿಮೆ ಸಮ, ಅದನ್ನು ಹೊರಹಾಕುವ ದಾರಿ ಮಾತ್ರ ಬೇರೆ ಬೇರೆ.

ಕೂಲರ್‌ನ ಕೆಲಸ ಎಷ್ಟು ಕಷ್ಟದ್ದು ಎಂಬುದಕ್ಕೆ ಒಂದು ಲೆಕ್ಕ. 1000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆಯ ತಳ ಸುಮಾರು 200 ಚದರ ಸೆಂ.ಮೀ. ಅಂದರೆ ಪ್ರತಿ ಚದರ ಸೆಂ.ಮೀ.ಗೆ 5 ವ್ಯಾಟ್. 5070 ಟಿಐನಲ್ಲಿ ಮೆಮೊರಿ ಮತ್ತು ವಿಆರ್‌ಎಂ (ಚಿಪ್‌ಗೆ ವಿದ್ಯುತ್ ಹದಮಾಡಿ ಕೊಡುವ ಭಾಗ) ಪಾಲನ್ನು ಕಳೆದರೂ ಚಿಪ್‌ನ ಪ್ರತಿ ಚದರ ಸೆಂ.ಮೀ.ನಿಂದ 60 ವ್ಯಾಟ್ ಆಸುಪಾಸು ಹೊರಬರುತ್ತದೆ. ಅಷ್ಟನ್ನೂ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಜಾಗದಿಂದ ಹೀರಿ, ಹೀಟ್ ಪೈಪ್‌ಗಳ ಮೂಲಕ 30 ಸೆಂ.ಮೀ. ಉದ್ದಕ್ಕೂ ಹರಡಿ, ಅಲ್ಯೂಮಿನಿಯಂ ರೆಕ್ಕೆಗಳ ನಡುವಿನ ಗಾಳಿಗೆ ಒಪ್ಪಿಸಬೇಕು. ಅಗ್ಗದ ಕಾರ್ಡ್ ಕೂಡ ಈ ಕೆಲಸ ಮಾಡುತ್ತದೆ, ಆದರೆ ಫ್ಯಾನ್ ಜೋರಾಗಿ ತಿರುಗಿಸಿ ಮಾಡುತ್ತದೆ. ಆದ್ದರಿಂದ "ಎಷ್ಟು ಡಿಗ್ರಿ?" ಎಂದು ಮಾತ್ರ ಕೇಳಿದರೆ ಸಾಲದು, "ಎಷ್ಟು ಸದ್ದಿನಲ್ಲಿ ಅಷ್ಟು ಡಿಗ್ರಿ?" ಎಂದು ಕೇಳಬೇಕು.

ಒಂದು ಕಾರ್ಡ್ 62 ಡಿಗ್ರಿ ತೋರಿಸಿತು, ಇನ್ನೊಂದು 70 ತೋರಿಸಿತು ಅಂದುಕೊಳ್ಳಿ. ಮೊದಲನೆಯದರ ಫ್ಯಾನ್ 2000 ಆರ್‌ಪಿಎಂ, ಎರಡನೆಯದರದು 1200. ಹಾಗಿದ್ದರೆ ಎರಡನೆಯದರ ಕೂಲರೇ ಹೆಚ್ಚು ಸಮರ್ಥವಾಗಿರಬಹುದು, ತಯಾರಕರು ಫ್ಯಾನ್ ಕರ್ವ್ ಅನ್ನು (ಯಾವ ತಾಪಕ್ಕೆ ಫ್ಯಾನ್ ವೇಗ ಎಷ್ಟು ಎಂಬ ಗೆರೆ) ಮೆತ್ತಗೆ ಇಟ್ಟಿದ್ದಾರೆ ಅಷ್ಟೆ. ಚಿಪ್‌ಗೆ 70 ಡಿಗ್ರಿ ಏನೂ ಅಲ್ಲ. 5070 ಟಿಐಗೆ ಎನ್‌ವಿಡಿಯಾ ಕೊಟ್ಟಿರುವ ಗರಿಷ್ಠ ಮಿತಿ 88 ಡಿಗ್ರಿ. ನ್ಯಾಯವಾದ ಹೋಲಿಕೆ ಬೇಕೆಂದರೆ ಎರಡೂ ಕಾರ್ಡ್‌ಗಳ ಫ್ಯಾನ್‌ಗಳನ್ನು ಒಂದೇ ಸದ್ದಿಗೆ, ಅಂದರೆ 50 ಸೆಂ.ಮೀ. ದೂರದಲ್ಲಿ 35 ಡೆಸಿಬೆಲ್‌ಗೆ ಕಟ್ಟಿಹಾಕಿ, ವಿದ್ಯುತ್ ಮಿತಿಯನ್ನೂ ಸಮ ಮಾಡಿ, ಅರ್ಧ ಗಂಟೆ ಲೋಡ್ ಕೊಟ್ಟು (ಪೂರ್ತಿ ದುಡಿಸಿ) ತಾಪ ನೋಡಬೇಕು. ಅರ್ಧ ಗಂಟೆ ಯಾಕೆಂದರೆ ಹೀಟ್‌ಸಿಂಕ್ ಮತ್ತು ಕ್ಯಾಬಿನೆಟ್ ಎರಡೂ ಬಿಸಿಯಾಗಿ ನಿಲ್ಲಲು ಅಷ್ಟು ಹೊತ್ತು ಬೇಕು. ಮೊದಲ ಐದು ನಿಮಿಷದ ಸಂಖ್ಯೆ ಯಾವಾಗಲೂ ಕಾರ್ಡ್‌ನ ಪರವಾಗಿಯೇ ಇರುತ್ತದೆ.

ಫ್ಯಾನ್ ವೇಗ ಮತ್ತು ಸದ್ದಿನ ನಂಟು ತಿಳಿದಿದ್ದರೆ ಅರ್ಧ ವಿಮರ್ಶೆಗಳನ್ನು ನೀವೇ ಬರೆಯಬಹುದು. ಒಂದೇ ಫ್ಯಾನ್ 1200ರಿಂದ 1500 ಆರ್‌ಪಿಎಂಗೆ ಏರಿದರೆ ಸುಮಾರು 5 ಡೆಸಿಬೆಲ್ ಹೆಚ್ಚುತ್ತದೆ. 1500ರಿಂದ 2000ಕ್ಕೆ ಏರಿದರೆ ಇನ್ನೂ 6. ಹತ್ತು ಡೆಸಿಬೆಲ್ ಹೆಚ್ಚಿದರೆ ಕಿವಿಗೆ ಸದ್ದು ಇಮ್ಮಡಿಯಾದಂತೆ ಅನ್ನಿಸುತ್ತದೆ. ಈಗ ಫ್ಯಾನ್ ಎಣಿಕೆಗೆ ಬನ್ನಿ. ಅದೇ ಗಾತ್ರದ ಎರಡು ಫ್ಯಾನ್ 1800ರಲ್ಲಿ ತಳ್ಳುವಷ್ಟು ಗಾಳಿಯನ್ನು ಮೂರು ಫ್ಯಾನ್ 1200ರಲ್ಲೇ ತಳ್ಳುತ್ತವೆ. ಒಂದು ಫ್ಯಾನ್ ಜಾಸ್ತಿಯಾದದ್ದಕ್ಕೆ 2 ಡೆಸಿಬೆಲ್‌ಗಿಂತ ಕಡಿಮೆ ದಂಡ, ವೇಗ ಇಳಿದದ್ದಕ್ಕೆ 9ರ ಹತ್ತಿರ ಲಾಭ, ಒಟ್ಟು ಉಳಿತಾಯ 7 ಡೆಸಿಬೆಲ್. 300 ವ್ಯಾಟ್ ಕಾರ್ಡ್‌ನಲ್ಲಿ ಎರಡು ಫ್ಯಾನ್‌ನ ಮಾದರಿ ಸಿಕ್ಕರೆ, ಕ್ಯಾಬಿನೆಟ್‌ನಲ್ಲಿ ಬೇರೆ ಜಾಗವೇ ಇಲ್ಲದಿದ್ದರೆ ಹೊರತು, ಮುಟ್ಟಬೇಡಿ.

5070 ಟಿಐ ಗುಂಪಿನಲ್ಲಿ ಹಲವು ಕಾರ್ಡ್‌ಗಳ ಅಳತೆ ಅಣ್ಣತಮ್ಮಂದಿರಂತಿರುವುದನ್ನು ಗಮನಿಸಿರಬಹುದು. ಅಸೂಸ್ ಪ್ರೈಮ್ 304 ಮಿ.ಮೀ. ಉದ್ದ, 50 ಮಿ.ಮೀ. ದಪ್ಪ. ಗಿಗಾಬೈಟ್ ವಿಂಡ್‌ಫೋರ್ಸ್ ಎಸ್‌ಎಫ್‌ಎಫ್ ಕೂಡ ಅಷ್ಟೇ. ಎಂಎಸ್‌ಐ ವೆಂಟಸ್ 3ಎಕ್ಸ್ 303 ಉದ್ದ, 49 ದಪ್ಪ. ಚಿಕ್ಕ ಕ್ಯಾಬಿನೆಟ್‌ಗೆ ಹೊಂದುವ (ಎಸ್‌ಎಫ್‌ಎಫ್) ಕಾರ್ಡ್‌ಗಳಿಗೆ ಎನ್‌ವಿಡಿಯಾ ಹಾಕಿಕೊಟ್ಟ ಗಡಿ 304 ಗುಣಿಸು 50 ಎಂಬುದೇ ಇದಕ್ಕೆ ಕಾರಣ. ಇಲ್ಲಿ ಯಾರೂ ಪವಾಡ ಮಾಡಲಾಗದು. ಒಂದೇ ಡಬ್ಬಿಯೊಳಗೆ ಹಿಡಿಸುವ ಲೋಹ ಇಷ್ಟೇ. ಆದ್ದರಿಂದ ಈ ಮೂರರ ನಡುವೆ ಆಯ್ಕೆ ಬಂದಾಗ ಸಣ್ಣಪುಟ್ಟ ಸಂಗತಿಗಳು ತೂಕ ಪಡೆಯುತ್ತವೆ.

ಈ ಮೂರರಲ್ಲಿ ನಮ್ಮ ಮತ ಪ್ರೈಮ್‌ಗೆ. ಮೂರು ಕಾರಣ. ಅದರಲ್ಲಿ ಎರಡು ಬಯಾಸ್‌ಗಳ (ಕಾರ್ಡ್‌ನೊಳಗಿನ ಸಿದ್ಧ ಸೆಟ್ಟಿಂಗ್‌ಗಳ) ನಡುವೆ ಬದಲಿಸುವ ಸ್ವಿಚ್ ಇದೆ, 'ಕ್ಯೂ' (ಕ್ವಯಟ್) ಕಡೆ ತಳ್ಳಿದರೆ ಫ್ಯಾನ್ ಕರ್ವ್ ಮೆತ್ತಗಾಗುತ್ತದೆ, ಯಾವ ಸಾಫ್ಟ್‌ವೇರೂ ಬೇಡ. ಚಿಪ್ ಮೇಲೆ ಸಾಮಾನ್ಯ ಪೇಸ್ಟ್ ಬದಲು ಬಿಸಿಗೆ ಮೆತ್ತಗಾಗುವ ಫೇಸ್ ಚೇಂಜ್ ಪ್ಯಾಡ್ ಇದೆ. ಫ್ಯಾನ್‌ಗಳಿಗೆ ಎರಡೆರಡು ಬಾಲ್ ಬೇರಿಂಗ್. ಬಾಲ್ ಬೇರಿಂಗ್ ಹೆಚ್ಚು ಬಾಳುತ್ತದೆ ನಿಜ, ಆದರೆ ಹೊಸದರಲ್ಲಿ ಸ್ಲೀವ್ ಬೇರಿಂಗ್‌ಗಿಂತ ಒಂದು ಚೂರು ಗರಗರ ಇರುತ್ತದೆ. ರಾತ್ರಿ ನಿಶ್ಶಬ್ದದಲ್ಲಿ 900 ಆರ್‌ಪಿಎಂ ಕೆಳಗೆ ಕಿವಿಗೊಟ್ಟರೆ ಕೇಳಿಸಬಹುದು. ವೆಂಟಸ್ 3ಎಕ್ಸ್ ಸರಳ ಕಾರ್ಡ್: ನಿಕಲ್ ಲೇಪಿತ ತಾಮ್ರದ ತಳ, ಒಂದಕ್ಕೊಂದು ಬೆಸೆದ ಅಲಗುಗಳ ಟಾರ್ಕ್ಸ್ ಫ್ಯಾನ್, ಗಟ್ಟಿಮುಟ್ಟು. ಲೋಡ್‌ನಲ್ಲಿ ಸದ್ದು ಗೊತ್ತಾಗುತ್ತದೆ, ಕಿರಿಕಿರಿ ಅನ್ನುವಷ್ಟಲ್ಲ. ಪ್ರೈಮ್‌ಗಿಂತ ಮೂರ್ನಾಲ್ಕು ಸಾವಿರ ಕಡಿಮೆಗೆ ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ, ಕರ್ವ್ ನೀವೇ ಸರಿಮಾಡಬಹುದು.

ವಿಂಡ್‌ಫೋರ್ಸ್ ಬಗ್ಗೆ ಹೇಳುವಾಗ ಜೆಲ್ ವಿಷಯ ಬಿಡುವಂತಿಲ್ಲ. ಆರ್‌ಟಿಎಕ್ಸ್ 50 ಸರಣಿಯಲ್ಲಿ ಗಿಗಾಬೈಟ್ ಮೆಮೊರಿ ಮತ್ತು ವಿಆರ್‌ಎಂ ಮೇಲೆ ರಬ್ಬರ್‌ನಂಥ ಥರ್ಮಲ್ ಪ್ಯಾಡ್ ಬದಲು ಯಂತ್ರದಿಂದ ಹಚ್ಚುವ ವಾಹಕ ಜೆಲ್ ಬಳಸಿತು. ಕಲ್ಪನೆ ಒಳ್ಳೆಯದೇ. ಪ್ಯಾಡ್‌ನ ದಪ್ಪ ಕಾಲು ಮಿ.ಮೀ. ತಪ್ಪಿದರೂ ಸಂಪರ್ಕ ಕೆಡುತ್ತದೆ, ಜೆಲ್ ಸಂದಿಗೆ ತಕ್ಕಂತೆ ತುಂಬಿಕೊಳ್ಳುತ್ತದೆ. ಆದರೆ 2025ರ ಏಪ್ರಿಲ್‌ನಲ್ಲಿ, ಕಾರ್ಡ್ ಲಂಬವಾಗಿ ನಿಲ್ಲಿಸಿದ ಕೆಲವರ ಬಳಿ ಜೆಲ್ ಜಾರಿ ಕೆಳಗಿಳಿದ ಚಿತ್ರಗಳು ಹೊರಬಂದವು. ಆರಂಭದ ಕಂತುಗಳಲ್ಲಿ ಜೆಲ್ ಪ್ರಮಾಣ ತುಸು ಹೆಚ್ಚಾಗಿತ್ತು, ನೋಟಕ್ಕೆ ಮಾತ್ರ ತೊಂದರೆ, ಕೆಲಸಕ್ಕೆ ಇಲ್ಲ ಎಂದು ಕಂಪನಿ ಹೇಳಿತು. ಮಾಮೂಲಿನಂತೆ ಅಡ್ಡವಾಗಿ ಕೂರಿಸುವವರು ಇದಕ್ಕೆ ನಿದ್ದೆಗೆಡಬೇಕಿಲ್ಲ. ಗಾಜಿನ ಹಿಂದೆ ರೈಸರ್ ಕೇಬಲ್ ಹಾಕಿ ಲಂಬವಾಗಿ ನಿಲ್ಲಿಸುವ ಶೋಕಿ ಇದ್ದರೆ ಪ್ಯಾಡ್ ಇರುವ ಕಾರ್ಡ್ ನೋಡುವುದು ಮೇಲು.

ಮೇಲಿನ ಮೆಟ್ಟಿಲಿಗೆ ಹೋದರೆ ಕಥೆ ಬದಲಾಗುತ್ತದೆ. ಅಸೂಸ್ ಟಫ್ 329 ಮಿ.ಮೀ. ಉದ್ದ, 60 ಮಿ.ಮೀ. ದಾಟಿದ ದಪ್ಪ. ಗಿಗಾಬೈಟ್ ಗೇಮಿಂಗ್ ಓಸಿ 340 ಉದ್ದ, 70 ದಪ್ಪ. ಇದು ನಾಲ್ಕು ಸ್ಲಾಟ್‌ನ ಜಾಗ ನುಂಗುತ್ತದೆ. ಎಂಎಸ್‌ಐ ಗೇಮಿಂಗ್ ಟ್ರಯೋ 338 ಉದ್ದ, ದಪ್ಪ 50 ಮಾತ್ರ. ಉದ್ದ ಮತ್ತು ಎತ್ತರದಲ್ಲಿ ರೆಕ್ಕೆಗಳ ವಿಸ್ತಾರ ಸಿಗುತ್ತದೆ. ಈ ವರ್ಗದ ಕೂಲರ್‌ಗಳು 300 ವ್ಯಾಟ್‌ಗೆ ಬೇಕಾದ್ದಕ್ಕಿಂತ ಹೆಚ್ಚೇ ಇವೆ. ಟಫ್ ಅನ್ನು 'ಕ್ಯೂ' ಬಯಾಸ್‌ನಲ್ಲಿ ಇಟ್ಟರೆ ಕ್ಯಾಬಿನೆಟ್ ಫ್ಯಾನ್‌ಗಳ ಸದ್ದೇ ಮುಂದಾಗುತ್ತದೆ. ಗೇಮಿಂಗ್ ಓಸಿಯಲ್ಲಿ ಕೊಂಡ ದಿನವೇ ಸ್ವಿಚ್ ಅನ್ನು ಸೈಲೆಂಟ್ ಕಡೆ ತಳ್ಳಿ. ಪೆಟ್ಟಿಗೆಯಿಂದ ಬರುವ ಪರ್ಫಾರ್ಮೆನ್ಸ್ ಬಯಾಸ್ ಆ ದೊಡ್ಡ ಹೀಟ್‌ಸಿಂಕ್‌ಗೆ ಅಗತ್ಯವಿಲ್ಲದಷ್ಟು ಗಾಳಿ ಬೀಸುತ್ತದೆ. ವ್ಯಾನ್‌ಗಾರ್ಡ್, ಆರಸ್ ಮಾಸ್ಟರ್ ಮುಂತಾದವು ಇನ್ನೂ ದಪ್ಪ, ಇನ್ನೂ ದುಬಾರಿ. ಭಾರತದಲ್ಲಿ 5070 ಟಿಐಗೆ ಎನ್‌ವಿಡಿಯಾ ಘೋಷಿಸಿದ ಆರಂಭಿಕ ಬೆಲೆ 80,000 ರೂಪಾಯಿ. ಅದರ ಮೇಲೆ ಇಪ್ಪತ್ತು ಸಾವಿರ ಕೂಲರ್‌ಗೇ ಕೊಡುವುದು ಹುಣಿಸೆಹುಳಿಗಿಂತ ಒಗ್ಗರಣೆ ಜಾಸ್ತಿಯಾದಂತೆ. ಅದೇ ದುಡ್ಡಿಗೆ ಒಳ್ಳೆಯ ಕ್ಯಾಬಿನೆಟ್ ಮತ್ತು ನಾಲ್ಕು 140 ಮಿ.ಮೀ. ಫ್ಯಾನ್ ಬರುತ್ತವೆ.

ಝೋಟ್ಯಾಕ್ ಸಾಲಿಡ್ ಅನ್ನು ಇಲ್ಲಿ ಮೂಲೆಗೆ ತಳ್ಳಬಾರದು. ಮೈಕಟ್ಟು ದಪ್ಪವಾಗಿದೆ, ತಣ್ಣಗಿಡುತ್ತದೆ. ಮೂಲ ಫ್ಯಾನ್ ಕರ್ವ್ ಮಾತ್ರ ಅಸೂಸ್‌ನಷ್ಟು ನಯವಾಗಿಲ್ಲ. ಹೆಸರಿನಲ್ಲಿ ಎಸ್‌ಎಫ್‌ಎಫ್ ಸೇರಿದ ಸಾಲಿಡ್ ಬೇರೆಯೇ ಕಾರ್ಡ್, ತೆಳ್ಳಗಿನದು. ಎರಡನ್ನೂ ಒಂದೇ ಎಂದುಕೊಂಡು ಆರ್ಡರ್ ಮಾಡಿದವರಿಗೆ ಆಮೇಲೆ ಸದ್ದಿನ ದೂರು.

9070 ಎಕ್ಸ್‌ಟಿ ಕಡೆ ಆಟಗಾರರೇ ಬೇರೆ. ಸಫೈರ್, ಪವರ್‌ಕಲರ್, ಎಕ್ಸ್‌ಎಫ್‌ಎಕ್ಸ್ ಎಎಂಡಿ ಚಿಪ್ ಮಾತ್ರ ಕಟ್ಟುವವರು. ಇವರ ಮಧ್ಯಮ ಮಾದರಿಗಳೇ ಈ ಇಡೀ ತುಲನೆಯಲ್ಲಿ ಬೆಲೆಗೆ ತಕ್ಕ ಅತ್ಯುತ್ತಮ ಕೂಲರ್‌ಗಳು. ಸಫೈರ್ ಪಲ್ಸ್ ಅಗ್ಗದ ಸಾಲಿನ ಕಾರ್ಡ್ ಆದರೂ 320 ಮಿ.ಮೀ. ಉದ್ದ, 61 ಮಿ.ಮೀ. ದಾಟಿದ ದಪ್ಪ. 5070 ಟಿಐನ ಅಗ್ಗದ ಸಾಲು 50ಕ್ಕೇ ನಿಂತಿರುವಾಗ ಇಲ್ಲಿ ಸೆಂಟಿಮೀಟರ್‌ನಷ್ಟು ಹೆಚ್ಚು ರೆಕ್ಕೆ ಸಿಗುತ್ತದೆ. ವಿದ್ಯುತ್ ಮಿತಿ 304 ವ್ಯಾಟ್‌ನಲ್ಲೇ ಇದೆ, ಎರಡು ಮಾಮೂಲಿ 8 ಪಿನ್ ಕನೆಕ್ಟರ್. ಇದೇ ಮನೆಯ ನೈಟ್ರೋ ಪ್ಲಸ್‌ನ ಹೀಟ್‌ಸಿಂಕ್ ಇನ್ನೂ ದೊಡ್ಡದು, ಆದರೆ ಮಿತಿಯನ್ನು 330 ವ್ಯಾಟ್‌ಗೆ ಏರಿಸಿದ್ದಾರೆ. ದೊಡ್ಡ ಕೂಲರ್‌ನ ಲಾಭದಲ್ಲಿ ಒಂದು ಭಾಗ ಆ 26 ವ್ಯಾಟ್‌ಗೇ ಖರ್ಚು. ವೇಗದಲ್ಲಿ ಸಿಗುವುದು ಕೈಬೆರಳೆಣಿಕೆಯ ಫ್ರೇಮ್. ತಂಪು ಮತ್ತು ಮೌನವಷ್ಟೇ ಬೇಕೆಂದರೆ ಪಲ್ಸ್ ಸಾಕು.

ಸಫೈರ್‌ನಲ್ಲಿ ಮೆಚ್ಚಬೇಕಾದ ಇನ್ನೊಂದು ವಿಷಯವೆಂದರೆ ಫ್ಯಾನ್‌ಗಳನ್ನು ಒಂದು ಸ್ಕ್ರೂ ಬಿಚ್ಚಿ ತೆಗೆಯಬಹುದು, ವೈರ್ ಎಳೆದಾಡಬೇಕಿಲ್ಲ. ಮೂರು ವರ್ಷದ ಮೇಲೆ ಮೊದಲು ಕೈಕೊಡುವ ಭಾಗವೇ ಫ್ಯಾನ್. ಬೇರೆ ಹಲವು ಕಾರ್ಡ್‌ಗಳಲ್ಲಿ ಅದನ್ನು ಬದಲಿಸಲು ಹೊದಿಕೆಯನ್ನೇ ಬಿಚ್ಚಬೇಕು, ಕೆಲವದರಲ್ಲಿ ಇಡೀ ಹೀಟ್‌ಸಿಂಕ್ ಎತ್ತಬೇಕು. ಎತ್ತಿದರೆ ಪೇಸ್ಟ್, ಪ್ಯಾಡ್ ಎಲ್ಲ ಹೊಸದು ಬೇಕು.

ಪವರ್‌ಕಲರ್‌ನ ಹೆಲ್‌ಹೌಂಡ್ ಸೈಲೆಂಟ್ ಬಯಾಸ್‌ನಲ್ಲಿ ಬಹಳ ಶಾಂತ ಕಾರ್ಡ್. ರೆಡ್ ಡೆವಿಲ್ ಅದರ ದಪ್ಪ ಅಣ್ಣ. ರೀಪರ್ ಮಾತ್ರ ಬೇರೆ ಜಾತಿಯದು: 289 ಮಿ.ಮೀ. ಉದ್ದ, 111 ಎತ್ತರ, ದಪ್ಪ 40 ಅಷ್ಟೆ. 304 ವ್ಯಾಟ್ ಅನ್ನು ಎರಡು ಸ್ಲಾಟ್‌ನಲ್ಲಿ ಅಡಗಿಸಿದ ಸಾಹಸ ಮೆಚ್ಚುವಂಥದ್ದು, ಚಿಕ್ಕ ಕ್ಯಾಬಿನೆಟ್ ಕಟ್ಟುವವರಿಗೆ ವರ. ಉಳಿದವರು ಅದನ್ನು ಕೊಂಡರೆ ಇಲ್ಲದ ಜಾಗವನ್ನು ಉಳಿಸಿ ಸದ್ದನ್ನು ಕೊಂಡಂತೆ. ಎಕ್ಸ್‌ಎಫ್‌ಎಕ್ಸ್‌ನ ಮರ್ಕ್ಯುರಿ ಬೃಹತ್ತಾಗಿದೆ, ಕ್ಯಾಬಿನೆಟ್ ಅಳೆಯದೆ ಕೊಳ್ಳಬೇಡಿ. ಅಸೂಸ್‌ನ ಟಫ್ ಇಲ್ಲೂ ಮೌನಿ, ಇಲ್ಲೂ ದುಬಾರಿ.

ಎರಡು ಕಂಪನಿಗಳ ತಾಪದ ಸಂಖ್ಯೆಗಳನ್ನು ಅಕ್ಕಪಕ್ಕ ಇಡುವಾಗ ಒಂದು ಬಲೆ ಇದೆ. ಎಎಂಡಿ ಸಾಫ್ಟ್‌ವೇರ್ 'ಜಿಪಿಯು ತಾಪ' ಎಂದು ತೋರಿಸುವುದು ಚಿಪ್‌ನ ಅಂಚಿನ ತಾಪ. ಅದು 55ರಿಂದ 60 ಇರುವಾಗ ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿಯಾದ ಬಿಂದು) 80ರ ಹತ್ತಿರ ಇರುವುದು 9070 ಎಕ್ಸ್‌ಟಿಯಲ್ಲಿ ಮಾಮೂಲು. ಹಾಟ್‌ಸ್ಪಾಟ್ ಮಿತಿ 110. ಎನ್‌ವಿಡಿಯಾ 50 ಸರಣಿಯಲ್ಲಿ ಹಾಟ್‌ಸ್ಪಾಟ್ ಸಂಖ್ಯೆಯನ್ನು ಹೊರಗೆ ತೋರಿಸುವುದನ್ನೇ ನಿಲ್ಲಿಸಿದೆ. ಆದ್ದರಿಂದ "ಎಎಂಡಿ 57, ಎನ್‌ವಿಡಿಯಾ 65, ಎಎಂಡಿ ತಣ್ಣಗಿದೆ" ಎನ್ನುವ ವಾದಕ್ಕೆ ಬುಡವಿಲ್ಲ. ಎಎಂಡಿ ಕಾರ್ಡ್‌ಗಳನ್ನು ಎಎಂಡಿ ಕಾರ್ಡ್‌ಗಳ ಜೊತೆ, ಎನ್‌ವಿಡಿಯಾವನ್ನು ಎನ್‌ವಿಡಿಯಾ ಜೊತೆ ಹೋಲಿಸಿ. ಅಡ್ಡ ಹೋಲಿಕೆ ಬೇಕಿದ್ದರೆ ಸದ್ದನ್ನು ಹೋಲಿಸಿ, ಕಿವಿಗೆ ಕಂಪನಿ ಗೊತ್ತಿಲ್ಲ.

9070 ಎಕ್ಸ್‌ಟಿಯಲ್ಲಿ ನಿಜಕ್ಕೂ ಕಣ್ಣಿಡಬೇಕಾದದ್ದು ಮೆಮೊರಿ ತಾಪ. ಚಿಪ್ ತಣ್ಣಗಿದ್ದರೂ ಮೆಮೊರಿ 85, 90 ಮುಟ್ಟುವ ಕಾರ್ಡ್‌ಗಳಿವೆ. ಫ್ಯಾನ್ ಕರ್ವ್ ಬರೆಯುವಾಗ ಜಿಪಿಯು 55 ಡಿಗ್ರಿ ಇದೆಯಲ್ಲ ಎಂದು ಫ್ಯಾನ್ ಅನ್ನು ತೀರಾ ಇಳಿಸಿದರೆ ಮೊದಲು ಬೇಯುವುದು ಮೆಮೊರಿ. ತಾಪ ತೋರಿಸುವ ಎಚ್‌ಡಬ್ಲ್ಯೂ ಇನ್ಫೋ ಸಾಫ್ಟ್‌ವೇರ್‌ನಲ್ಲಿ ಮೆಮೊರಿ ತಾಪದ ಸಾಲನ್ನು ನೋಡುತ್ತಾ 90 ಒಳಗೆ ನಿಲ್ಲುವಂತೆ ಕರ್ವ್ ಇಡಿ.

ಕೂಲರ್ ಚೆನ್ನಾಗಿದ್ದೂ ಕೈಕೊಟ್ಟ ಉದಾಹರಣೆ ಎಎಂಡಿಯ ಹಿಂದಿನ ತಲೆಮಾರಿನಲ್ಲೇ ಇದೆ. ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್‌ನ ಎಎಂಡಿ ಸ್ವಂತ ಕಾರ್ಡ್‌ಗಳಲ್ಲಿ ಕೆಲವು 110 ಡಿಗ್ರಿ ಹಾಟ್‌ಸ್ಪಾಟ್ ಮುಟ್ಟಿ ವೇಗ ಕಳೆದುಕೊಂಡವು. ವೇಪರ್ ಚೇಂಬರ್‌ನಲ್ಲಿ ನೀರು ಸಾಕಷ್ಟಿಲ್ಲದ ಕಂತು ಹೊರಬಂದಿದೆ ಎಂದು 2023ರ ಜನವರಿಯಲ್ಲಿ ಕಂಪನಿಯೇ ಒಪ್ಪಿ ಬದಲಿಸಿಕೊಟ್ಟಿತು. ಆ ಕಾರ್ಡ್‌ಗಳು ಅಡ್ಡ ಕೂತಾಗ ಬಿಸಿ, ಲಂಬವಾಗಿ ನಿಂತಾಗ ಸರಿ. ವೇಪರ್ ಚೇಂಬರ್ ಆಗಲಿ ಹೀಟ್ ಪೈಪ್ ಆಗಲಿ ಒಳಗಿನ ಒಂದಿಷ್ಟು ನೀರು ಆವಿಯಾಗಿ ಹೋಗಿ, ತಣಿದು, ಒಳಗೋಡೆಯ ಬತ್ತಿಯಂಥ ಪದರದಲ್ಲಿ ಹಿಂದಿರುಗುವುದರ ಮೇಲೆ ನಿಂತಿದೆ. ಹಾಗಾಗಿ ಹೊಸ ಎಎಂಡಿ ಕಾರ್ಡ್‌ನಲ್ಲಿ ಲೋಡ್ ಕೊಟ್ಟ ಒಂದೆರಡು ನಿಮಿಷದಲ್ಲೇ ಹಾಟ್‌ಸ್ಪಾಟ್ 100 ದಾಟಿದರೆ ಪೇಸ್ಟ್ ಬದಲಿಸಲು ಕೂರಬೇಡಿ, ಅಂಗಡಿಗೆ ಮರಳಿಸಿ.

ಡೆಸಿಬೆಲ್ ಮೀಟರ್ ಹಿಡಿಯದ ಸದ್ದುಗಳೂ ಇವೆ. ಮೊದಲನೆಯದು ಕಾಯಿಲ್ ವೈನ್, ಕಿವಿಯ ಬಳಿ ಸೊಳ್ಳೆ ಗುಂಯ್‌ಗುಟ್ಟಿದಂತೆ. ವಿಆರ್‌ಎಂನ ಸುರುಳಿಗಳಲ್ಲಿ ವಿದ್ಯುತ್ ಬಡಿತಕ್ಕೆ ಆಗುವ ಕಂಪನ ಅದು. ಕೂಲರ್‌ಗೂ ಅದಕ್ಕೂ ಸಂಬಂಧವಿಲ್ಲ, ಕಂಪನಿಗೂ ಅಷ್ಟಾಗಿ ಇಲ್ಲ. ಒಂದೇ ಮಾದರಿಯ ಎರಡು ಕಾರ್ಡ್‌ಗಳಲ್ಲಿ ಒಂದು ಹಾಡುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಫ್ಯಾನ್ ಎಷ್ಟು ಮೆತ್ತಗಾದರೆ ಇದು ಅಷ್ಟು ಎದ್ದು ಕೇಳುತ್ತದೆ, ಅದಕ್ಕೇ ದುಬಾರಿ ಮೌನಿ ಕಾರ್ಡ್ ಕೊಂಡವರಿಂದಲೇ ದೂರು ಹೆಚ್ಚು. ಮೆನುಗಳಲ್ಲಿ ಫ್ರೇಮ್ ಸಂಖ್ಯೆ 400, 500ಕ್ಕೆ ಹಾರಿದಾಗ ಜೋರಾಗುತ್ತದೆ. ಮಾನಿಟರ್‌ನ ರಿಫ್ರೆಶ್ ದರಕ್ಕಿಂತ ಮೂರು ಕಡಿಮೆಗೆ ಫ್ರೇಮ್ ಮಿತಿ ಹಾಕಿದರೆ ಬಹುಪಾಲು ಅಡಗುತ್ತದೆ. ಎರಡನೆಯದು ಬೀಟ್ ಸದ್ದು: ಮೂರೂ ಫ್ಯಾನ್ ಹತ್ತಿರ ಹತ್ತಿರದ ವೇಗದಲ್ಲಿ ತಿರುಗುವಾಗ ಊಂ... ಊಂ... ಎಂದು ಏರಿಳಿಯುವ ಸದ್ದು. ಸಾಮಾನ್ಯವಾಗಿ ಒಂದು ವೇಗದ ಆಸುಪಾಸಿನಲ್ಲಿ ಹೆಚ್ಚು ಎದ್ದು ಕೇಳುತ್ತದೆ. ಫ್ಯಾನ್ ಅನ್ನು 30 ಶೇಕಡಾದಿಂದ ಎರಡೆರಡೇ ಏರಿಸುತ್ತಾ ಆ ಜಾಗ ಹುಡುಕಿ, ಕರ್ವ್ ಆ ವೇಗದಲ್ಲಿ ನಿಲ್ಲದೆ ದಾಟಿಹೋಗುವಂತೆ ಕಡಿದಾಗಿ ಬರೆಯಿರಿ.

ಮೂರನೆಯದು ನಮ್ಮ ಹವೆಯ ಕೊಡುಗೆ. ಕೆಲಸವಿಲ್ಲದಾಗ ಫ್ಯಾನ್ ಪೂರ್ತಿ ನಿಲ್ಲುವ ಸೌಲಭ್ಯ ಈ ಎಲ್ಲ ಕಾರ್ಡ್‌ಗಳಲ್ಲೂ ಇದೆ. ಸಾಮಾನ್ಯವಾಗಿ 50ರಿಂದ 60 ಡಿಗ್ರಿ ನಡುವೆ ಎಲ್ಲೋ ಫ್ಯಾನ್ ಏಳುತ್ತದೆ. ವಿದೇಶಿ ವಿಮರ್ಶೆಗಳ 22 ಡಿಗ್ರಿ ಕೋಣೆಯಲ್ಲಿ ಸುಮ್ಮನಿದ್ದ ಕಾರ್ಡ್ 40ರಲ್ಲಿ ಕೂತಿರುತ್ತದೆ, ಫ್ಯಾನ್ ಏಳುವ ಮಾತೇ ಇಲ್ಲ. ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನ ಕೋಣೆ 37, 38 ಇರುವಾಗ ಅದೇ ಕಾರ್ಡ್ 55ರ ಮೇಲೆ ಹೋಗುತ್ತದೆ. ಫ್ಯಾನ್ ಎದ್ದು, ಅರ್ಧ ನಿಮಿಷ ಬೀಸಿ, ತಣಿದು ನಿಂತು, ಮತ್ತೆ ಏಳುತ್ತದೆ. ಒಂದೇ ಸಮನೆ ಬರುವ ಸದ್ದಿಗಿಂತ ಈ ಎದ್ದು ಬೀಳುವ ಸದ್ದೇ ಹೆಚ್ಚು ಕಾಡುತ್ತದೆ. ಹೆಚ್ಚು ರಿಫ್ರೆಶ್ ದರದ ಎರಡು ಮಾನಿಟರ್ ಇದ್ದರೆ ಮೆಮೊರಿ ವೇಗ ಇಳಿಯದೆ ಖಾಲಿ ಕೂತ ಕಾರ್ಡೇ ಹೆಚ್ಚು ವ್ಯಾಟ್ ಉಣ್ಣುತ್ತದೆ, ತೊಂದರೆ ಇಮ್ಮಡಿ. ಪರಿಹಾರ ಸುಲಭ: ಬೇಸಿಗೆಯ ಮೂರು ತಿಂಗಳು ಫ್ಯಾನ್ ನಿಲ್ಲಿಸುವ ಆಯ್ಕೆ ತೆಗೆದು, 30 ಶೇಕಡಾದಲ್ಲಿ ಸದಾ ತಿರುಗಲು ಬಿಡಿ. ಇಲ್ಲವೇ ಎಂಎಸ್‌ಐನ ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನ ಫ್ಯಾನ್ ಪುಟದಲ್ಲಿ ಹಿಸ್ಟೆರೆಸಿಸ್ ಅನ್ನು (ಫ್ಯಾನ್ ಇಳಿಯಲು ತಾಪ ಎಷ್ಟು ಇಳಿಯಬೇಕು ಎಂಬುದನ್ನು) 5 ಡಿಗ್ರಿಗೆ ಇಡಿ, ಎದ್ದ ಫ್ಯಾನ್ ಬೇಗ ಬೀಳುವುದಿಲ್ಲ.

ಅಂದಹಾಗೆ ವಿಮರ್ಶೆಯ ತಾಪಕ್ಕೆ ನಿಮ್ಮ ಕೋಣೆಯ ವ್ಯತ್ಯಾಸವನ್ನು ಹಾಗೇ ಕೂಡಿಸಿಕೊಳ್ಳಿ. ಅಲ್ಲಿ 24ರ ಕೋಣೆಯಲ್ಲಿ 66 ಇದ್ದದ್ದು, ಅದೇ ಫ್ಯಾನ್ ವೇಗದಲ್ಲಿ, ಬೆಂಗಳೂರಿನ ಏಪ್ರಿಲ್‌ನ 31ರಲ್ಲಿ 73. ಆದರೆ ಫ್ಯಾನ್ ವೇಗ ಅಲ್ಲೇ ನಿಲ್ಲುವುದಿಲ್ಲ, ಕರ್ವ್ ಪ್ರಕಾರ ಏರುತ್ತದೆ. ಅಂದರೆ ಬಿಸಿ ಊರಿನವರಿಗೆ ವಿಮರ್ಶೆಯಲ್ಲಿ ಸುಮಾರಾಗಿ ಕಂಡ ಕೂಲರ್ ಸದ್ದಿನದಾಗಿಯೂ, ಅತಿಯಾಯಿತು ಎನಿಸಿದ ಕೂಲರ್ ಹದವಾಗಿಯೂ ಪರಿಣಮಿಸುತ್ತದೆ. ಎಸಿ ಇಲ್ಲದ ಉತ್ತರ ಕರ್ನಾಟಕದ ಕೋಣೆಗೆ 50 ಮಿ.ಮೀ. ಕಾರ್ಡ್‌ಗಿಂತ 60 ಮಿ.ಮೀ. ಕಾರ್ಡ್‌ಗೆ ದುಡ್ಡು ಹಾಕುವುದು ಶೋಕಿಯಲ್ಲ.

ದುಡ್ಡು ಹಾಕದೆಯೂ ಆಗುವ ಕೆಲಸ ವಿದ್ಯುತ್ ಮಿತಿ ಮತ್ತು ವೋಲ್ಟೇಜ್ ಇಳಿಸುವುದು. ಮೊದಲು ಸುಲಭದ್ದು: ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟ್ 85 ಶೇಕಡಾಕ್ಕೆ ಎಳೆಯಿರಿ. 300 ವ್ಯಾಟ್ 255 ಆಗುತ್ತದೆ, ವೇಗ ಸಾಮಾನ್ಯವಾಗಿ 5 ಶೇಕಡಾಕ್ಕಿಂತ ಕಡಿಮೆ ಇಳಿಯುತ್ತದೆ. ಆ ವೇಗವೂ ಬೇಕೆಂದರೆ 5070 ಟಿಐನಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿ ವೋಲ್ಟೇಜ್ ಗೆರೆ ತೆರೆಯಿರಿ. 925 ಮಿಲಿವೋಲ್ಟ್ ಬಿಂದುವನ್ನು 2700 ಮೆಗಾಹರ್ಟ್ಸ್‌ಗೆ ಏರಿಸಿ, ಅದರ ಬಲಕ್ಕಿರುವ ಬಿಂದುಗಳನ್ನೆಲ್ಲ ಶಿಫ್ಟ್ ಹಿಡಿದು ಆಯ್ದು ಅದಕ್ಕಿಂತ ಕೆಳಗೆ ಎಳೆದು ಅಪ್ಲೈ ಒತ್ತಿ. ಗೆರೆ ಅಲ್ಲಿಂದ ಮುಂದೆ ಮಟ್ಟಸವಾಗುತ್ತದೆ. ಆಟ ಮುಚ್ಚಿಕೊಂಡರೆ 25 ಮಿಲಿವೋಲ್ಟ್ ಮೇಲಕ್ಕೆ ಹೋಗಿ. 9070 ಎಕ್ಸ್‌ಟಿಯಲ್ಲಿ ಎಎಂಡಿಯ ಅಡ್ರಿನಲಿನ್ ಸಾಫ್ಟ್‌ವೇರ್‌ನ ಟ್ಯೂನಿಂಗ್ ಪುಟದಲ್ಲಿ ವೋಲ್ಟೇಜ್ ಆಫ್‌ಸೆಟ್ ಮೈನಸ್ 50 ಮಿಲಿವೋಲ್ಟ್, ಪವರ್ ಲಿಮಿಟ್ ಮೈನಸ್ 10 ಶೇಕಡಾದಿಂದ ಆರಂಭಿಸಿ. ಮೈನಸ್ 80, 100 ಎಂದು ಹೆಮ್ಮೆಪಡುವವರ ಮಾತು ಕೇಳಿ ಇಳಿಯಬೇಡಿ. ಫರ್‌ಮಾರ್ಕ್ ಎಂಬ ಪರೀಕ್ಷಾ ಸಾಫ್ಟ್‌ವೇರ್‌ನಲ್ಲಿ ಗಂಟೆಗಟ್ಟಲೆ ಓಡಿದ ಆಫ್‌ಸೆಟ್ ರೇ ಟ್ರೇಸಿಂಗ್ ಇರುವ ಆಟದಲ್ಲಿ ಹತ್ತು ನಿಮಿಷಕ್ಕೆ ಡ್ರೈವರ್ ಬೀಳಿಸುತ್ತದೆ. ಪರೀಕ್ಷೆ ಅಂಥ ಆಟದಲ್ಲೇ ಮಾಡಿ.

ಕಾರ್ಡ್ ಬಿಸಿ ಎಂದು ದೂರುವ ಮುನ್ನ ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಹದಿನೈದು ನಿಮಿಷ ಆಡಿಸಿ ನೋಡಿ. ತಾಪ 5, 6 ಡಿಗ್ರಿಗಿಂತ ಹೆಚ್ಚು ಇಳಿದರೆ ತಪ್ಪು ಕಾರ್ಡ್‌ನದಲ್ಲ, ಕ್ಯಾಬಿನೆಟ್‌ನದು. ಮುಂಭಾಗ ಪೂರ್ತಿ ಗಾಜು, ಬದಿಯಲ್ಲಿ ಬೆರಳಗಲದ ಸೀಳು ಇರುವ ಕ್ಯಾಬಿನೆಟ್‌ಗೆ ಯಾವ ಕಾರ್ಡ್ ಹಾಕಿದರೂ ಕುಕ್ಕರ್ ಸೀಟಿ ಹೊಡೆಯುತ್ತದೆ. ಈ ಕಾರ್ಡ್‌ಗಳಲ್ಲಿ ಹೀಟ್‌ಸಿಂಕ್‌ನ ಬಾಲದ ಭಾಗ ಸರ್ಕಿಟ್ ಬೋರ್ಡ್‌ಗಿಂತ ಉದ್ದವಿದ್ದು ಗಾಳಿ ಅಲ್ಲಿಂದ ನೇರ ಮೇಲೆ ನುಗ್ಗುತ್ತದೆ. ಹಾಗಾಗಿ ಮೇಲೆ ಅಥವಾ ಹಿಂದೆ ಆ ಬಿಸಿಗಾಳಿ ಎಳೆಯುವ ಒಂದು ಫ್ಯಾನ್ ಬೇಕೇಬೇಕು, ಇಲ್ಲವಾದರೆ ಪ್ರೊಸೆಸರ್ ಕೂಲರ್ ಅದನ್ನೇ ಉಸಿರಾಡುತ್ತದೆ. ಮೇಜಿನ ಮೇಲೆ ಕಿವಿಯ ಪಕ್ಕ ಇಟ್ಟ ಕ್ಯಾಬಿನೆಟ್ ಅನ್ನು ಕೆಳಗಿಳಿಸಿ ದೂರ ಎರಡರಷ್ಟು ಮಾಡಿದರೆ 4ರಿಂದ 6 ಡೆಸಿಬೆಲ್ ಪುಕ್ಕಟೆ ಉಳಿತಾಯ. ಆದರೆ ನೆಲಕ್ಕೆ ತಾಗಿಸಬೇಡಿ, ನಾಲ್ಕು ಇಂಚು ಎತ್ತರದ ಮಣೆ ಹಾಕಿ, ಗುಡಿಸುವ ದೂಳು ನೇರ ಒಳಹೋಗುವುದಿಲ್ಲ.

ದೂಳು ತೆಗೆಯುವಾಗ ಬ್ಲೋವರ್ ಗಾಳಿಗೆ ಫ್ಯಾನ್ ಗಿರ್ರನೆ ತಿರುಗಲು ಬಿಡಬಾರದು, ಬೆರಳಿನಿಂದ ಹಿಡಿದಿರಿ. ಬೇರಿಂಗ್ ಹಾಳಾಗುವುದು ಅಲ್ಲೇ. ಮಂಗಳೂರು, ಉಡುಪಿ ಕಡೆಯ ತೇವಕ್ಕೆ ದೂಳು ರೆಕ್ಕೆಗಳ ನಡುವೆ ಅಂಟಿಕೊಂಡು ಕಂಬಳಿಯಂತಾಗುತ್ತದೆ. ಅಲ್ಲಿ ಮೂರು ತಿಂಗಳಿಗೊಮ್ಮೆ ಒಣ ಬ್ರಷ್ ಆಡಿಸುವುದು ಒಳ್ಳೆಯದು. ಸಾಮಾನ್ಯ ಪೇಸ್ಟ್ ಇರುವ ಕಾರ್ಡ್‌ಗಳಲ್ಲಿ ಒಂದೆರಡು ವರ್ಷದ ಮೇಲೆ ಪೇಸ್ಟ್ ಅಂಚಿಗೆ ಸರಿದು ತಾಪ ನಿಧಾನ ಏರುತ್ತದೆ. ಅದಕ್ಕೇ ಫೇಸ್ ಚೇಂಜ್ ಪ್ಯಾಡ್‌ಗೆ ಅಂಕ ಕೊಟ್ಟಿದ್ದು, ಅದು ಬಿಸಿಗೆ ಮೆತ್ತಗಾಗುತ್ತದೆ, ಹಾಗೆ ಹೊರಗೆ ಸರಿಯುವುದಿಲ್ಲ. ನೀವೇ ಬಿಚ್ಚುವುದಾದರೆ ವಾರಂಟಿ ಷರತ್ತು ಓದಿದ ಮೇಲೆ ಬಿಚ್ಚಿ, ಪ್ಯಾಡ್‌ಗಳ ದಪ್ಪ ಅಳೆಯದೆ ಹೊಸದು ಹಾಕಬೇಡಿ. 1.5 ಮಿ.ಮೀ. ಜಾಗಕ್ಕೆ 2 ಮಿ.ಮೀ. ಪ್ಯಾಡ್ ಹಾಕಿದರೆ ಹೀಟ್‌ಸಿಂಕ್ ಎತ್ತಿ ನಿಂತು ಚಿಪ್‌ಗೆ ಸಂಪರ್ಕವೇ ತಪ್ಪುತ್ತದೆ, ಮೊದಲಿಗಿಂತ 15 ಡಿಗ್ರಿ ಹೆಚ್ಚು ಬಿಸಿ.

ಕೊನೆಗೆ ಅಂಗಡಿಯ ಮಾತು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಆಗಲಿ ಆನ್‌ಲೈನ್‌ನಲ್ಲಿ ಆಗಲಿ ಬೆಲೆ ಕೇಳುವ ಮುನ್ನ ಮೂರು ಅಳತೆ ಬರೆದುಕೊಳ್ಳಿ: ಕ್ಯಾಬಿನೆಟ್‌ನ ಮುಂಭಾಗದ ಫ್ಯಾನ್‌ನಿಂದ ಹಿಂಭಾಗದವರೆಗೆ ಎಷ್ಟು ಮಿ.ಮೀ., ಮದರ್‌ಬೋರ್ಡ್‌ನ ಸ್ಲಾಟ್ ಕೆಳಗೆ ಎಷ್ಟು ಜಾಗ, ಪಕ್ಕದ ಗಾಜಿಗೂ ಕಾರ್ಡ್‌ಗೂ ನಡುವೆ ಪವರ್ ಕೇಬಲ್ ಬಾಗಲು ಎಷ್ಟು ಅಂತರ. 70 ಮಿ.ಮೀ. ದಪ್ಪದ ಕಾರ್ಡ್ ಕೆಳಗೆ 15 ಮಿ.ಮೀ. ಸಂದಿ ಉಳಿದರೆ ಫ್ಯಾನ್‌ಗೆ ಗಾಳಿಯೇ ಸಿಗದೆ 50 ಮಿ.ಮೀ. ಕಾರ್ಡ್‌ಗಿಂತ ಕೆಟ್ಟದಾಗಿ ನಡೆಯುತ್ತದೆ. ಮೊದಲ ವಾರವೇ ಅರ್ಧ ಗಂಟೆ ಲೋಡ್ ಪರೀಕ್ಷೆ, ಕಾಯಿಲ್ ವೈನ್ ಪರೀಕ್ಷೆ ಮುಗಿಸಿ, ಮರಳಿಸುವ ಗಡುವು ಮುಗಿಯುವ ತನಕ ಡಬ್ಬಿ ಎಸೆಯಬೇಡಿ. ಝೋಟ್ಯಾಕ್ ಕೊಂಡಿದ್ದರೆ ಜಾಲತಾಣದಲ್ಲಿ ಗಡುವಿನೊಳಗೆ ನೋಂದಾಯಿಸಿದರೆ ಮೂರು ವರ್ಷದ ವಾರಂಟಿಗೆ ಇನ್ನೂ ಎರಡು ವರ್ಷ ಸೇರುತ್ತದೆ, ಬಿಲ್ಲಿನ ಫೋಟೋ ಅಂದೇ ಏರಿಸಿ.